ಸೀಟು ಎರಡು ತೂತು ಮುಂದಕ್ಕೆ

ಸಮಾಧಾನಪ್ಪನವರ ಹೆಸರು ಮೊಟ್ಟಮೊದಲು ನನ್ನ ಕಿವಿಗೆ ಬಿದ್ದ ದಿನ ನಾನು ವ್ಯಾನಿನೊಳಗೆ ಮಂಡಿಯೂರಿ ಬಗ್ಗಿದ್ದೆ, ನನ್ನ ಗಂಡ ವ್ಯಾನಿನಡಿ ಅಂಗಾತ ಮಲಗಿದ್ದರು, ನಮ್ಮಿಬ್ಬರ ನಡುವೆ ಒಂದು ಬೋಲ್ಟ್ ನೆಟ್ಟಗೆ ನಿಂತಿತ್ತು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಮ್ಮಿಬ್ಬರ ನಡುವೆ ಬಂದು ನಿಲ್ಲುವ ಧೈರ್ಯ ಮಾಡಿದ್ದು ಅದೊಂದೇ!

ಆ ಸ್ಥಿತಿಗೆ ನಮ್ಮನ್ನು ತಂದದ್ದು ನನ್ನ ಬಾಯಿ. ಅವತ್ತು ಬುಧವಾರ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟವಳೇ ತೋಳು ಮೇಲಕ್ಕೇರಿಸಿ ಘೋಷಣೆ ಹೊರಡಿಸಿದ್ದೆ.

"ಒಂದು ಬೋಲ್ಟ್ ತಾನೇ ರೀ? ಒಂದು! ಅರವತ್ತು ಹಾಸಿಗೆಯ ಆಸ್ಪತ್ರೆಯ ಬೆಡ್‌ಶೀಟನ್ನೆಲ್ಲ ವಾರಕ್ಕೆ ಎರಡು ಸಲ ಹಿಂಡಿ ಹಿಪ್ಪೆ ಮಾಡೋ ಕೈ ಇದು. ಆ ಬೋಲ್ಟ್ ನನ್ನೆದುರು ಎಷ್ಟು ಹೊತ್ತು ನಿಲ್ಲುತ್ತೆ, ನೋಡೇಬಿಡೋಣ!"

ನಿಂತಿತು. ಒಂದೂವರೆ ದಿನ ನಿಂತಿತು!

ನಮ್ಮದು ಬಟ್ಟೆ ಒಗೆಯುವ ಮನೆ. ಹಿತ್ತಲಲ್ಲಿ ಎರಡು ದೊಡ್ಡ ಹಂಡೆ, ಮೂರು ಕಲ್ಲಿನ ತೊಟ್ಟಿ, ಹನ್ನೊಂದು ಸಾಲು ಹಗ್ಗ. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು. ಆಸ್ಪತ್ರೆಯ ಬೆಡ್‌ಶೀಟು, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಕೋಟು ಎಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ಮಂಗಳವಾರ, ಶನಿವಾರ ಮೂಟೆ ಕೊಡುವುದು, ತರುವುದು. ಅದಕ್ಕೊಂದು ವ್ಯಾನು. ವ್ಯಾನಿಗೆ ನಮ್ಮ ಮದುವೆಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಹಾಗಾಗಿ ಮನೆಯಲ್ಲಿ ಅದರದೇ ಹಿರಿತನ, ಅದರದೇ ದರ್ಬಾರು. ಅದಕ್ಕೆ ಮನಸ್ಸು ಬಂದ ದಿನ ನಾವು ಹೊರಡಬೇಕು.

ಅದನ್ನು ಓಡಿಸುತ್ತಿದ್ದವರು ಇವರು. ಆ ವರ್ಷ ಇವರ ಕಣ್ಣು ಮಂಜಾಯಿತು. ಮೊದಮೊದಲು ಒಪ್ಪಲಿಲ್ಲ. "ಎಲ್ಲಾ ಕಾಣುತ್ತೆ" ಎನ್ನುತ್ತಲೇ ಒಂದು ದಿನ ಆಸ್ಪತ್ರೆಯ ಗೇಟು ದಾಟಿ ಪಕ್ಕದ ಮರದ ಅಂಗಡಿಗೆ ಮೂಟೆ ಇಳಿಸಿ ಬಂದರು. ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಇನ್ನು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ" ಎಂದುಬಿಟ್ಟರು. ಇವರು ಮನೆಗೆ ಬಂದವರು ವ್ಯಾನಿನ ಕೀಲಿಯನ್ನು ಮೊಳೆಗೆ ತೂಗುಹಾಕಿ, ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ಆಸ್ಪತ್ರೆಯವರು ಒಳ್ಳೆಯವರು. ಎರಡು ತಿಂಗಳು ತಮ್ಮ ಗಾಡಿಯಲ್ಲೇ ಮೂಟೆ ಕಳಿಸಿದರು. ಆಮೇಲೆ ಅಲ್ಲಿನ ದೊಡ್ಡ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡಮ್ಮ, ನಿಮ್ಮಷ್ಟು ಬೆಳ್ಳಗೆ ಒಗೆಯೋರು ನನಗೆ ಸಿಗಲ್ಲ. ಆದರೆ ಗಾಡಿ ಇನ್ನು ಕಳಿಸೋಕಾಗಲ್ಲ. ಈ ಶನಿವಾರದಿಂದ ನಿಮ್ಮ ವ್ಯಾನೇ ಬರಬೇಕು. ಬರದಿದ್ದರೆ ಬೇರೆಯವರನ್ನ ನೋಡಬೇಕಾಗುತ್ತೆ."

ಆಸ್ಪತ್ರೆಯ ಕೆಲಸ ಹೋದರೆ ಎರಡು ಹಂಡೆಯನ್ನೂ ಕವುಚಿ ಹಾಕಬೇಕಾದದ್ದೇ. ಅದಕ್ಕೇ ನಾನು, ನಾಲ್ಕನೇ ಕ್ಲಾಸು ಓದಿದವಳು, ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಸೇರಿಕೊಂಡಿದ್ದೆ. ಅಲ್ಲಿನ ಪುಟಾಣಿ ಕಾರಿನಲ್ಲಿ ಕಲಿತೆ. ಚೆನ್ನಾಗಿಯೇ ಕಲಿತೆ! ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಲೈಸೆನ್ಸಿನ ಪರೀಕ್ಷೆ. ಸ್ವಂತ ಗಾಡಿ ತರಬೇಕು ಎಂದು ಕಾಗದದಲ್ಲಿ ಬರೆದಿತ್ತು. ಪರವಾಗಿಲ್ಲ, ಗಾಡಿ ಇದೆಯಲ್ಲ ಎಂದು ಗತ್ತಿನಿಂದ ವ್ಯಾನು ಹತ್ತಿ ಕೂತೆ.

ಕಾಲು ಎಟುಕಲಿಲ್ಲ!

ಇವರು ಆರಡಿಯ ಆಸಾಮಿ. ಸೀಟನ್ನು ತಮ್ಮ ಕಾಲಿನ ಅಳತೆಗೆ ಕೂರಿಸಿಕೊಂಡಿದ್ದರು. ನನ್ನದು ಇವರ ಭುಜಕ್ಕಿಂತ ಒಂದು ಗೇಣು ಕೆಳಗಿನ ಎತ್ತರ. ಕಾಲು ಚಾಚಿದರೆ ಹೆಬ್ಬೆರಳು ಕ್ಲಚ್ಚನ್ನು ಮುಟ್ಟಿ ಕುಶಲ ವಿಚಾರಿಸುತ್ತಿತ್ತು, ಅಷ್ಟೇ. ಬೆನ್ನಿಗೆ ಎರಡು ದಿಂಬು ಇಟ್ಟು ನೋಡಿದೆ. ಕ್ಲಚ್ಚು ಒತ್ತಿದರೆ ಕ್ಲಚ್ಚು ಒಳಗೆ ಹೋಗುವ ಬದಲು ನಾನು ದಿಂಬಿನೊಳಗೆ ಹೋದೆ!

ಸೀಟನ್ನು ಮುಂದಕ್ಕೆ ತರುವುದೇನೂ ದೊಡ್ಡ ವಿದ್ಯೆಯಲ್ಲ. ಅದು ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಹಿಂದೆ ಮುಂದೆ ಜಾರುತ್ತದೆ. ಸೀಟಿನ ಚೌಕಟ್ಟಿನಲ್ಲಿ ಸಾಲಾಗಿ ಐದು ತೂತು. ಬೇಕಾದ ತೂತಿನಲ್ಲಿ ಒಂದು ಉದ್ದನೆಯ ಬೋಲ್ಟ್ ತೂರಿಸಿ, ನೆಲದ ತಗಡಿನ ಕೆಳಗೆ ನಟ್ಟು ಬಿಗಿದರೆ ಮುಗಿಯಿತು. ಬೋಲ್ಟ್ ಬಿಚ್ಚಬೇಕು, ಎರಡು ತೂತು ಮುಂದಕ್ಕೆ ತಳ್ಳಬೇಕು, ಮತ್ತೆ ಬಿಗಿಯಬೇಕು. ಕಾಲುಗಂಟೆಯ ಕೆಲಸ. ಆದರೆ ಆ ಬೋಲ್ಟನ್ನು ಇಪ್ಪತ್ತು ವರ್ಷದಿಂದ ಯಾರೂ ಮಾತಾಡಿಸಿರಲಿಲ್ಲ. ತುಕ್ಕು ಹಿಡಿದು ಮುಖ ಊದಿಸಿಕೊಂಡು ಕೂತಿತ್ತು.

"ಮೆಕ್ಯಾನಿಕ್ಕನ್ನ ಕರೆಸೋಣ" ಎಂದರು ಇವರು.

"ಬೇಡ್ವೇ ಬೇಡ! ಹೋದ ಸಲ ಬಂದೋನು ಹಾರ್ನ್ ಸರಿಮಾಡ್ತೀನಿ ಅಂತ ಬಾಗಿಲು ಕಳಚಿಟ್ಟು ಹೋದ. ನೀವು ಕೆಳಗೆ ಹೋಗಿ ನಟ್ಟು ಹಿಡೀರಿ, ನಾನು ಮೇಲೆ ಬೋಲ್ಟ್ ನೋಡ್ಕೋತೀನಿ."

"ನಿಂಗೆ ಸ್ಪ್ಯಾನರ್ ಹಿಡಿಯೋಕೆ ಬರುತ್ತೇನೇ?"

"ನಿಮ್ಮಂಥವರನ್ನೇ ಹಿಡಿದಿಟ್ಟಿದ್ದೀನಿ, ಸ್ಪ್ಯಾನರ್ ಯಾವ ಲೆಕ್ಕ!"

ಇವರು ಕನ್ನಡಕ ತೆಗೆದು ನನ್ನ ಕೈಗಿಟ್ಟು, ಹಳೆಯ ಗೋಣಿಚೀಲ ಹಾಸಿಕೊಂಡು ವ್ಯಾನಿನಡಿ ಸರಿದರು. ಕನ್ನಡಕ ಇದ್ದರೂ ಕಾಣುತ್ತಿರಲಿಲ್ಲ, ಇಲ್ಲದಿದ್ದರೂ ಕಾಣುತ್ತಿರಲಿಲ್ಲ. ಮುರಿಯುವುದು ತಪ್ಪಲಿ ಎಂದು ತೆಗೆದದ್ದು. ನಾನು ಮೇಲೆ ಬೋಲ್ಟಿನ ತಲೆಗೆ ಸ್ಪ್ಯಾನರ್ ಸಿಕ್ಕಿಸಿದೆ. ಅವರು ಕೆಳಗೆ ತಡಕಾಡಿ ನಟ್ಟಿಗೆ ಸಿಕ್ಕಿಸಿದರು.

"ತಯಾರಾ?"

"ತಯಾರು!"

"ಒಂದು... ಎರಡು... ಹೂಂ!"

ಬೋಲ್ಟ್ ಅಲುಗಿತು! ಸುಳ್ಳಲ್ಲ, ಕೂದಲೆಳೆಯಷ್ಟು ಅಲುಗಿತು. "ಬಂತು ರೀ, ಬಂತು!" ಎಂದು ನಾನು ಕೂಗಿದೆ. "ನನ್ನ ಕಡೆಯೂ ಬಂತು ಕಣೇ!" ಎಂದು ಅವರು ಕೂಗಿದರು. ಆ ಗಲಾಟೆಗೆ ಪಕ್ಕದ ಮನೆಯ ದರ್ಜಿ, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡೇ, ಕಾಂಪೌಂಡಿನ ಮೇಲೆ ಮುಖ ಇಟ್ಟಳು.

"ಏನಕ್ಕಾ, ಯಾರಿಗೆ ಹೆರಿಗೆ?"

"ಸೀಟು ಸರಿಸ್ತಿದ್ದೀವಿ ಕಣೇ. ಬಂದೇಬಿಡ್ತು ನೋಡು."

"ಭಾವ ಎಲ್ಲಿ?"

ವ್ಯಾನಿನಡಿಯಿಂದ ಒಂದು ಕೈ ಹೊರಬಂದು ಅಲ್ಲಾಡಿ ಒಳಗೆ ಹೋಯಿತು.

ಎರಡನೇ "ಹೂಂ!"ಗೆ ಇನ್ನೊಂದು ಎಳೆ ಅಲುಗಿತು. ಮೂರನೆಯದಕ್ಕೆ ಇಲ್ಲ. ಹತ್ತನೆಯದಕ್ಕೂ ಇಲ್ಲ. ಹನ್ನೊಂದನೆಯ ಸಲ ನಾನು ಹೊಟ್ಟೆಯ ಆಳದಿಂದ ಬಲ ತೆಗೆದು ತಿರುಗಿಸಿದೆ ನೋಡಿ, ಸ್ಪ್ಯಾನರ್ 'ಟಕ್' ಎಂದು ಜಾರಿತು. ನಾನು ಹಿಂದಕ್ಕೆ ಹಾರಿ ಹಾರ್ನಿನ ಮೇಲೆ ಬೆನ್ನು ಇಟ್ಟೆ. ಹೋದ ಸಲ ಬಾಗಿಲು ಕಳಚಿದ ಮಹಾನುಭಾವ ಹಾರ್ನನ್ನು ಎಷ್ಟು ಚೆನ್ನಾಗಿ ಸರಿಮಾಡಿದ್ದ ಎಂದು ಆಗ ತಿಳಿಯಿತು. ಬೀದಿಯೆಲ್ಲ ಹೊರಗೆ ಬಂತು!

ಬಗ್ಗಿ ನೋಡಿದರೆ ಬೋಲ್ಟಿನ ತಲೆಯ ಆರು ಮೂಲೆಗಳಲ್ಲಿ ಎರಡು ಸವೆದುಹೋಗಿದ್ದವು.

"ಏನಾಯ್ತೇ?" ಕೆಳಗಿನಿಂದ ದನಿ.

"ಏನಿಲ್ಲ. ಸ್ವಲ್ಪ ಮೃದುವಾಯ್ತು."

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನನ್ನ ತಲೆಯಲ್ಲಿ ಒಂದು ಬುದ್ಧಿ ಓಡಿತು. ಎಂಥ ಹಟಮಾರಿ ಕಲೆಯಾದರೂ ನೆನೆಸಿಟ್ಟರೆ ಬಿಡುತ್ತದೆ. ತುಕ್ಕೂ ಒಂದು ಕಲೆಯೇ ಅಲ್ಲವೇ? ಬಿಸಿನೀರಿಗೆ ಸೋಡಾ, ಸೋಪು ಕಲಸಿ ಬೋಲ್ಟಿನ ಸುತ್ತ ಹೊಯ್ದೆ. ನೆಲದ ತಗಡಿನಲ್ಲಿ ಎಲ್ಲೆಲ್ಲಿ ತೂತುಗಳಿವೆಯೆಂದು ನನಗೇನು ಗೊತ್ತು? ಇವರು ಕೆಳಗೆ ಬಾಯಿ ತೆರೆದು "ಈಗ ಏನು ಮಾಡ್ತಿ..." ಎನ್ನುವಷ್ಟರಲ್ಲಿ ಉತ್ತರ ಬಾಯಿಗೇ ಬಿತ್ತು.

"ಥೂ! ಥೂ! ಸೋಪು ಕಣೇ!"

"ಯಾವ ಸೋಪು ಅಂತ ಕೇಳಿ. ಡಾಕ್ಟರುಗಳ ಕೋಟಿಗೆ ಹಾಕೋದು, ಎಲ್ಲಕ್ಕಿಂತ ಒಳ್ಳೇದು!"

ಆಮೇಲೆ, ಕಬ್ಬಿಣ ಬಿಸಿಯಾದರೆ ಸಡಿಲವಾಗುತ್ತದೆಂದು ಇವರೇ ಹೇಳಿದರು. ಬಿಸಿ ಎಂದರೆ ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ. ತಂದು ಬೋಲ್ಟಿನ ತಲೆಯ ಮೇಲೆ ಇಟ್ಟೆ. ಬೋಲ್ಟ್ ಬಿಸಿಯಾಯಿತೋ ಇಲ್ಲವೋ, ಸೀಟಿನ ಅಂಚು ಕಂದು ಬಣ್ಣಕ್ಕೆ ತಿರುಗಿ ಹೊಗೆಯಾಡಿತು. ದರ್ಜಿ "ಬೆಂಕಿ! ಬೆಂಕಿ!" ಎಂದು ಕಿರುಚಿದಳು. ನಾನು ಪಕ್ಕದಲ್ಲಿದ್ದ ಬಕೆಟ್ ಎತ್ತಿ ಸುರಿದೆ. ಇವರು ಎರಡನೇ ಸಲ ಸ್ನಾನ ಮಾಡಿದರು.

ಕೊನೆಗೆ ಸ್ಪ್ಯಾನರಿನ ಬಾಲಕ್ಕೆ ಒಂದು ಉದ್ದ ಕೊಳವೆ ಸಿಕ್ಕಿಸಿ, ಇಬ್ಬರೂ ಹಲ್ಲು ಕಚ್ಚಿ, "ಒಂದು, ಎರಡು, ಹೂಂ!" ಎಂದು ಆ ಮಹಾಶಕ್ತಿಯನ್ನೆಲ್ಲ ಧಾರೆ ಎರೆದೆವು. 'ಕರ್ರ್' ಎಂದು ಸದ್ದಾಯಿತು. ನಾನು ಕಣ್ಣು ಮುಚ್ಚಿ ತೆರೆದೆ.

ಬೋಲ್ಟಿಗೆ ಒಂದೂ ಮೂಲೆ ಉಳಿದಿರಲಿಲ್ಲ. ನುಣ್ಣಗೆ, ದುಂಡಗೆ, ಬೋಳು ತಲೆ! ಸ್ಪ್ಯಾನರ್ ಇಟ್ಟರೆ ಸುತ್ತಲೂ ಸುಮ್ಮನೆ ತಿರುಗಿ ಬರುತ್ತಿತ್ತು.

ದರ್ಜಿ ಈಗ ಕಾಂಪೌಂಡು ಬಿಟ್ಟು ವ್ಯಾನಿನ ಬಾಗಿಲಿಗೇ ಬಂದಿದ್ದಳು. ಬಗ್ಗಿ ನೋಡಿ, "ಅಯ್ಯೋ ಅಕ್ಕಾ, ಇದು ಇನ್ನು ಸಮಾಧಾನಪ್ಪನ ಕೇಸು" ಎಂದಳು.

"ಯಾರವರು?"

"ಮೊದಲು ಲೇತ್ ಕೆಲಸ ಮಾಡ್ತಿದ್ರು. ಈಗ ವಯಸ್ಸಾಗಿದೆ. ಬೋಲ್ಟಿಗೆ 'ಸಮಾಧಾನ, ಸಮಾಧಾನ' ಅಂತ ಹೇಳ್ತಾ ಬಿಚ್ಚುತ್ತಾರಂತೆ, ಅದಕ್ಕೇ ಆ ಹೆಸರು. ಆದರೆ ಅವರು ಸುಮ್ಮಸುಮ್ಮನೆ ಬರಲ್ಲ. ಬೇರೆಯವರು ಪೂರ್ತಿ ಹಾಳುಮಾಡಿದ್ದನ್ನ ಮಾತ್ರ ಮುಟ್ಟೋದು."

ವ್ಯಾನಿನಡಿಯಿಂದ ಇವರು ಗಂಭೀರವಾಗಿ ನುಡಿದರು: "ಹಾಗಾದ್ರೆ ಕರೆಸು. ಆ ಯೋಗ್ಯತೆ ನಮಗೆ ಪೂರ್ತಿ ಇದೆ."

ಗುರುವಾರ ಬೆಳಿಗ್ಗೆ ಸಮಾಧಾನಪ್ಪನವರು ಬಂದರು. ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ. ಸೈಕಲ್ ನಿಲ್ಲಿಸುವುದಕ್ಕೇ ಐದು ನಿಮಿಷ ತೆಗೆದುಕೊಂಡರು. ನನಗೋ ಅವಸರ: ನಾಳೆ ಹತ್ತಕ್ಕೆ ಪರೀಕ್ಷೆ, ನಾಡಿದ್ದು ಮೂಟೆ. ಸಮಾಧಾನಪ್ಪನವರು ನಡೆಯುವುದನ್ನು ನೋಡಿದರೆ ಶುಕ್ರವಾರವೇ ಅವರಿಗಾಗಿ ಕಾಯಬೇಕು!

ವ್ಯಾನಿನೊಳಗೆ ಬಗ್ಗಿ ಬೋಲ್ಟನ್ನು ನೋಡಿದರು. ಮುಟ್ಟಲಿಲ್ಲ. ಹೊರಗೆ ಬಂದು ಕವುಚಿದ ಬಕೆಟ್ಟಿನ ಮೇಲೆ ಕೂತರು.

"ಏನೇನು ಮಾಡಿದ್ರಿ, ಮೊದಲಿನಿಂದ ಹೇಳಿ. ಮುಚ್ಚಿಡಬೇಡಿ. ನೀವು ಹೇಳದಿದ್ದರೂ ಅದು ಹೇಳುತ್ತೆ."

ಇವರು ಗಂಟಲು ಸರಿಮಾಡಿಕೊಂಡರು. "ಸ್ಪ್ಯಾನರ್ ಹಾಕಿ ತಿರುಗಿಸಿದ್ವಿ, ಯಜಮಾನ್ರೇ. ಅಷ್ಟೇ."

"ಅಷ್ಟೇನಾ?"

"ಸ್ವಲ್ಪ ಎಣ್ಣೆ..."

"ಎಣ್ಣೆ ಅಲ್ಲ, ಸೋಪಿನ ವಾಸನೆ ಬಂತು."

ಇವರು ನನ್ನ ಕಡೆ ಬೆರಳು ತೋರಿಸಿದರು. ನಾನು ಕಣ್ಣಲ್ಲೇ ಇವರನ್ನು ಸುಟ್ಟೆ.

"ಆಮೇಲೆ?"

"ಬಿಸಿ ಮಾಡಿದ್ವಿ."

"ಯಾವುದರಿಂದ?"

ನಾನು ಸೆರಗಿನ ಅಂಚು ಮಡಚತೊಡಗಿದೆ. ಸಮಾಧಾನಪ್ಪನವರು ಸೀಟಿನ ಅಂಚಿನ ಕಂದು ಕಲೆಯನ್ನು ನೋಡಿದರು. ಅದರ ಆಕಾರ ನೋಡಿದರು. ಮುಂದೆ ಮೊನಚು, ಹಿಂದೆ ಅಗಲ. ತೆರೆದ ಕಿಟಕಿಯಲ್ಲಿ ಕಾಣುತ್ತಿದ್ದ ಇಸ್ತ್ರಿ ಮೇಜನ್ನು ನೋಡಿದರು. ಕಣ್ಣು ಮುಚ್ಚಿಕೊಂಡರು.

"ಅದು ಇವರು ಹೇಳಿದ್ದು!" ಎಂದೆ ನಾನು.

"ನಾನು ಬಿಸಿ ಮಾಡು ಅಂದೆ, ಇಸ್ತ್ರಿ ಮಾಡು ಅಂದ್ನೇನೇ?"

"ಸಮಾಧಾನ, ಸಮಾಧಾನ" ಎಂದರು ಅವರು. ಬೋಲ್ಟಿಗೆ ಹೇಳುವ ಮಾತು ಮೊದಲು ನಮಗೇ ಖರ್ಚಾಯಿತು. "ತುಕ್ಕು, ಸೋಪು, ಬೆಂಕಿ, ಇದೆಲ್ಲ ನಾನು ನೋಡಿದ್ದೀನಿ. ಆದರೆ ಒಂದು ಅರ್ಥ ಆಗ್ತಿಲ್ಲ. ಈ ಬೋಲ್ಟ್ ತುಕ್ಕಿನಿಂದ ಕೂತಿಲ್ಲ. ಯಾರೋ ರಾಕ್ಷಸರು ಬಿಗಿದ ಹಾಗೆ ಕೂತಿದೆ. ತಗಡು ತಗ್ಗಿಹೋಗಿದೆ. ಇದನ್ನ ಕೊನೇ ಸಲ ಬಿಗಿದೋರು ಯಾರು?"

"ನಾನೇ. ಇಪ್ಪತ್ತು ವರ್ಷ ಆಯ್ತು" ಎಂದರು ಇವರು.

"ಇದು ನಿನ್ನೆಯ ಬಿಗಿ. ಏಳಿ, ಇಬ್ಬರೂ ಎದ್ದು ನಿಲ್ಲಿ. ನಿನ್ನೆ ಹೇಗೆ ತಿರುಗಿಸಿದ್ರಿ, ಗಾಳಿಯಲ್ಲಿ ತೋರಿಸಿ."

ಮೇಲೆ ಕೆಳಗೆ ಇದ್ದವರು ಈಗ ಎದುರುಬದುರು ನಿಂತೆವು. ಮುಷ್ಟಿ ಮುಂದಕ್ಕೆ ಹಿಡಿದೆವು. "ಒಂದು, ಎರಡು, ಹೂಂ!" ನಾನು ನನ್ನ ಬಲಕ್ಕೆ ತಿರುಗಿಸಿದೆ. ಅವರು ಅವರ ಬಲಕ್ಕೆ ತಿರುಗಿಸಿದರು.

ಸಮಾಧಾನಪ್ಪನವರು ನಮ್ಮ ಮುಷ್ಟಿಗಳನ್ನು ನೋಡಿದರು. ಹಗ್ಗದ ಮೇಲೆ ಸಾಲುಸಾಲಾಗಿ ನೇತಾಡುತ್ತಿದ್ದ ಬೆಡ್‌ಶೀಟುಗಳನ್ನು ನೋಡಿದರು. ಮತ್ತೆ ಮುಷ್ಟಿಗಳನ್ನು ನೋಡಿದರು. ಅವರ ಮೀಸೆ ಅದುರತೊಡಗಿತು. ಆಮೇಲೆ ಭುಜ. ಆಮೇಲೆ ಕೂತಿದ್ದ ಬಕೆಟ್ಟೇ ಗಡಗಡ ಅಲ್ಲಾಡಿತು. ಆ ಮನುಷ್ಯ ನಕ್ಕ ನಗೆಗೆ ದರ್ಜಿಯ ಮಿಷನ್ನು ನಿಂತಿತು.

"ತಾಯೀ, ಬೆಡ್‌ಶೀಟನ್ನ ಇಬ್ಬರೂ ಹೀಗೇ ತಾನೇ ಹಿಂಡೋದು?"

"ಹೌದು. ಒಂದೊಂದು ತುದಿ ಹಿಡಿದು, ಎದುರುಬದುರು ನಿಂತು, ಅವರವರ ಬಲಕ್ಕೆ. ಇಬ್ಬರೂ ಬಲಕ್ಕೆ ತಿರುಗಿಸಿದರೇ ನೀರು ಇಳಿಯೋದು."

"ಬೋಲ್ಟಿಗೂ ಹಾಗೇ. ಮೇಲಿನೋರು ಅವರ ಬಲಕ್ಕೆ, ಕೆಳಗಿನೋರು ಅವರ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತೆ. ನೀವು ನಿನ್ನೆಯಿಂದ ಬೋಲ್ಟ್ ಬಿಚ್ಚಿಲ್ಲ. ಹಿಂಡಿದ್ದೀರಿ!"

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ಇರುವ ದಿಕ್ಕನ್ನು ನೋಡಿದರು. ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಎಂದು ಪ್ರಪಂಚಕ್ಕೆಲ್ಲ ಗೊತ್ತು. ನಮಗೂ ಗೊತ್ತಿತ್ತು. ನಮ್ಮ ಕೈಗಳಿಗೆ ಗೊತ್ತಿರಲಿಲ್ಲ! ಎದುರಿಗೆ ಇನ್ನೊಬ್ಬರಿದ್ದಾರೆ, "ಒಂದು, ಎರಡು" ಎಂದು ಎಣಿಕೆ ಕೇಳಿತು ಎಂದರೆ ಸಾಕು, ಮೂವತ್ತೊಂದು ವರ್ಷದ ಅಭ್ಯಾಸ ತಾನೇ ತಾನಾಗಿ ಬಲಕ್ಕೆ ಹೊರಟುಬಿಡುತ್ತಿತ್ತು. ಆ ಬೋಲ್ಟಿನಿಂದ ನೀರು ಇಳಿಯಲಿಲ್ಲ ಎನ್ನುವುದೇ ಆಶ್ಚರ್ಯ.

"ಮತ್ತೆ ಮೊದಲೆರಡು ಸಲ ಅಲುಗಿತಲ್ಲ?" ಎಂದು ಇವರು ಸಣ್ಣ ದನಿಯಲ್ಲಿ ಕೇಳಿದರು.

"ಅಲುಗಿತು. ಒಳಕ್ಕೆ!"

ಆಮೇಲೆ ಶುರುವಾಯಿತು ಸಮಾಧಾನಪ್ಪನವರ ಕೆಲಸ. ತಂತಿಯ ಬ್ರಷ್ಷಿನಿಂದ ಸೋಪಿನ ಹಕ್ಕಳೆಯನ್ನೆಲ್ಲ ಉಜ್ಜಿ ತೆಗೆದರು. ತೆಳು ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟರು. ನನ್ನನ್ನು ನೋಡಿ, "ಹೋಗಿ, ನಿಮ್ಮ ಕೆಲಸ ಮಾಡ್ಕೊಳ್ಳಿ. ಎಣ್ಣೆಗೆ ನಾವು ನೋಡ್ತಾ ನಿಂತರೆ ನಾಚಿಕೆ" ಎಂದರು. ನಾನು ಒಂದು ಹಂಡೆ ದಿಂಬಿನ ಚೀಲ ಒಗೆದು ಬರುವಷ್ಟರಲ್ಲಿ ಅವರು ವ್ಯಾನಿನೊಳಗೆ ಕಾಲು ಮಡಚಿ ಕೂತು, ಕಬ್ಬಿಣ ತೇಯುವ ಅರ ಹಿಡಿದು ಬೋಲ್ಟಿನ ಬೋಳು ತಲೆಯ ಎರಡು ಬದಿಯನ್ನು ಉಜ್ಜುತ್ತಿದ್ದರು. ಸರಕ್, ಸರಕ್, ಒಂದೇ ತಾಳ. ದುಂಡಗಿದ್ದದ್ದಕ್ಕೆ ಎದುರುಬದುರಾಗಿ ಎರಡು ಚಪ್ಪಟೆ ಕೆನ್ನೆ ಮೂಡಿದವು. ಈಗ ಸ್ಪ್ಯಾನರಿಗೆ ಹಿಡಿದುಕೊಳ್ಳಲು ಜಾಗವಾಯಿತು. ಆರು ಮೂಲೆಯಿದ್ದಾಗ ನಾವು ಮಾಡಲಾಗದ್ದನ್ನು ಎರಡರಲ್ಲಿ ಮಾಡಲು ಹೊರಟಿದ್ದರು ಆ ಪುಣ್ಯಾತ್ಮ.

ಊಟದ ಹೊತ್ತೂ ದಾಟಿತು. ಆಮೇಲೆ ಸಣ್ಣ ಬ್ಲೋ ಲ್ಯಾಂಪ್ ಹಚ್ಚಿ ಇವರ ಕೈಗೆ ಕೊಟ್ಟು, "ನನಗೆ ಸೊಂಟ ಬಗ್ಗಲ್ಲ. ನೀವೇ ಕೆಳಗೆ ಹೋಗಿ ನಟ್ಟಿಗೆ ಮಾತ್ರ ಬಿಸಿ ತೋರಿಸಿ. ನಟ್ಟಿಗೆ ಮಾತ್ರ!" ಎಂದರು. ಇವರು ಜ್ವಾಲೆ ನಟ್ಟಿನ ಮೇಲಿದೆಯೋ ಇಲ್ಲವೋ ಎಂದು ಕೂಗಿ ಕೇಳುವುದು, ದರ್ಜಿ ನೆಲಕ್ಕೆ ಕೆನ್ನೆ ಹಚ್ಚಿ ನೋಡಿ "ಎಡಕ್ಕೆ ಭಾವ, ಇನ್ನೂ ಎಡಕ್ಕೆ, ಅದು ನಿಮ್ಮ ಚಪ್ಪಲಿ!" ಎನ್ನುವುದು. ಅಂತೂ ನಟ್ಟು ಬಿಸಿಯಾಯಿತು.

"ಈಗ ತಾಯೀ, ನೀವು ಮೇಲೆ ಹಿಡಿದು ತಿರುಗಿಸಿ. ಅವರು ಕೆಳಗೆ ಅಲ್ಲಾಡದ ಹಾಗೆ ಹಿಡ್ಕೊಳ್ಳಲಿ."

ನಾನು ಸ್ಪ್ಯಾನರ್ ಹಿಡಿದೆ. ಎಡ, ಎಡ, ಎಡ ಎಂದು ಜಪ ಮಾಡಿದೆ. ಕೈ ಬಲಕ್ಕೆ ಹೊರಟಿತು! ಸಮಾಧಾನಪ್ಪನವರು ಮಣಿಕಟ್ಟು ಹಿಡಿದು ನಿಲ್ಲಿಸಿದರು. ಮತ್ತೆ ಹಿಡಿದೆ. ಮತ್ತೆ ಬಲಕ್ಕೆ! ನನಗೆ ಅಳು ಬಂದುಬಿಟ್ಟಿತು. ನಾಲ್ಕು ಗಂಟೆಯಾಗಿತ್ತು. ಎಡ ಯಾವುದು ಬಲ ಯಾವುದು ಎಂದು ಗೊತ್ತಿಲ್ಲದ ಕೈಗೆ ನಾಳೆ ಬೆಳಿಗ್ಗೆ ಯಾರು ಸ್ಟೀರಿಂಗ್ ಕೊಡುತ್ತಾರೆ?

"ಬಿಡಿ, ನನ್ನಿಂದಾಗಲ್ಲ" ಎಂದೆ. "ಆಸ್ಪತ್ರೆಯೋರಿಗೆ ಹೇಳಿಕಳಿಸ್ತೀನಿ."

ಸಮಾಧಾನಪ್ಪನವರು ಹಗ್ಗದ ಕಡೆ ನೋಡುತ್ತ ಕೂತರು. ಆಮೇಲೆ ತುಂಬ ಸಾವಕಾಶವಾಗಿ ಕೇಳಿದರು: "ತಾಯೀ, ಹಿಂಡಿದ ಬೆಡ್‌ಶೀಟು ಹಗ್ಗದ ಹಾಗೆ ಸುತ್ತಿಕೊಂಡಿರುತ್ತಲ್ಲ. ಒಣಹಾಕೋ ಮೊದಲು ಅದನ್ನ ಬಿಡಿಸೋರು ಯಾರು?"

"ನಾನೇ. ಇವರು ಆ ತುದಿ ಹಿಡ್ಕೊಂಡು ಸುಮ್ಮನೆ ನಿಲ್ತಾರೆ. ನಾನು ಈ ತುದಿಯಿಂದ ಸುರುಳಿ ಬಿಡಿಸಿ ಕೊಡವೋದು."

"ಹಾಗಾದ್ರೆ ಬೋಲ್ಟ್ ಬಿಚ್ಚಬೇಡಿ. ಬೆಡ್‌ಶೀಟು ಬಿಡಿಸಿ."

ನಾನು ಕಣ್ಣು ಮುಚ್ಚಿದೆ. "ರೀ, ಹಿಡ್ಕೊಂಡಿದ್ದೀರಾ?"

"ಹಿಡ್ಕೊಂಡಿದ್ದೀನಿ ಕಣೇ. ಬಿಡಿಸು."

ಕೆಳಗಿನಿಂದ ಬಂದ ಆ ಮಾತು, ಹಿತ್ತಲಲ್ಲಿ ಸಾವಿರ ಸಲ ಕೇಳಿದ ಮಾತು. ನನ್ನ ಕೈ ಒಂದು ಗಳಿಗೆಯೂ ಯೋಚಿಸಲಿಲ್ಲ. ತಾನೇ ಎಡಕ್ಕೆ ಹೋಯಿತು. 'ಕಿರ್ರ್' ಎಂದಿತು ಬೋಲ್ಟ್. "ಸಮಾಧಾನ, ಸಮಾಧಾನ, ಒಂಚೂರು ಹಿಂದಕ್ಕೆ ಬಿಡಿ, ಈಗ ಮತ್ತೆ" ಎಂದರು ಅವರು. ಹಿಂದಕ್ಕೆ, ಮುಂದಕ್ಕೆ, ಒಂದು ಹನಿ ಎಣ್ಣೆ, ಮತ್ತೆ. ಕಾಲು ಸುತ್ತು. ಅರ್ಧ ಸುತ್ತು. ಆಮೇಲೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸುತ್ತಿನ ಮೇಲೆ ಸುತ್ತು!

"ನಟ್ಟು ನನ್ನ ಹಣೆ ಮೇಲೆ ಬಿತ್ತು! ಬಿಸಿ! ಬಿಸಿ!" ಎಂದು ಇವರು ಕೆಳಗೆ ಕೂಗುತ್ತಿದ್ದರು. ಆದರೆ ಕೂಗಿನಲ್ಲಿ ಎಂಥ ಸಂತೋಷ!

ಸೀಟನ್ನು ಎರಡು ತೂತು ಮುಂದಕ್ಕೆ ತಳ್ಳಿ, ಪೆಟ್ಟಿಗೆಯಿಂದ ಹೊಸ ಬೋಲ್ಟ್ ತೆಗೆದು ಹಾಕಿದರು ಸಮಾಧಾನಪ್ಪನವರು. ಬಿಗಿಯುವಾಗ ಮಾತ್ರ ನಮ್ಮಿಬ್ಬರನ್ನೂ ಹತ್ತಿರ ಸೇರಿಸಲಿಲ್ಲ. ನಾನು ಹತ್ತಿ ಕೂತೆ. ಕಾಲಿಟ್ಟೆ. ಇಡೀ ಪಾದ, ಹಿಮ್ಮಡಿಯ ಸಮೇತ, ಕ್ಲಚ್ಚಿನ ಮೇಲೆ ಕೂತಿತು. ಇವರು ಹಣೆಯ ಮೇಲೆ ಆರು ಮೂಲೆಯ ಕೆಂಪು ಮುದ್ರೆಯೊಂದಿಗೆ ಹೊರಗೆ ಬಂದು, ಬಾಗಿಲು ತಡವಿಕೊಂಡು ನಿಂತು, "ಎಟುಕುತ್ತೇನೇ?" ಎಂದರು. "ಎಟುಕುತ್ತೆ ರೀ" ಎಂದೆ. ಒಳಗೆ ಹೋಗಿ ಮೊಳೆಯಿಂದ ಕೀಲಿ ತಂದು, ನನ್ನ ಅಂಗೈಯನ್ನು ಹುಡುಕಿ, ಅದರಲ್ಲಿಟ್ಟರು. ನಾನು ಹಾರ್ನಿನ ಕಡೆ ಮುಖ ತಿರುಗಿಸಿಕೊಂಡೆ.

"ನಿಮಗೆ ಹೇಗೆ ಉಪಕಾರ ತೀರಿಸಲಿ?" ಎಂದು ಸಮಾಧಾನಪ್ಪನವರನ್ನು ಕೇಳಿದೆ.

"ನಾಳೆ ಪಾಸಾದರೆ ಬಂದು ನನ್ನನ್ನೂ ಸೈಕಲ್ಲನ್ನೂ ಮನೆಗೆ ಬಿಡಿ. ಪೇಟೆಯಲ್ಲಿ ಕೆಲಸ ಇದೆ, ವಾಪಸ್ ತುಳಿಯೋಕೆ ಮಂಡಿ ನೋವು" ಎಂದರು.

ಶುಕ್ರವಾರ ಡ್ರೈವಿಂಗ್ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಪರೀಕ್ಷೆಯ ಸಾಹೇಬರು ವ್ಯಾನನ್ನು ಒಂದು ಸುತ್ತು ಹಾಕಿ ನೋಡಿ, "ಇದು ಓಡುತ್ತಾ?" ಎಂದರು. "ನಾನೂ ಈ ವಯಸ್ಸಲ್ಲಿ ಓಡಾಡ್ತಿದ್ದೀನಲ್ಲ ಸ್ವಾಮಿ" ಎಂದೆ. ಹತ್ತಿ ಕೂತರು. ನಾನು ಬಾಯಿ ಬಿಡಲಿಲ್ಲ. ಕಣ್ಣು ರಸ್ತೆಯ ಮೇಲೆ, ಉಸಿರು ಹಿಡಿತದಲ್ಲಿ. ಮುಂದಕ್ಕೆ ಹೋದೆ, ಹಿಂದಕ್ಕೆ ಬಂದೆ, ದಿಬ್ಬದ ಮೇಲೆ ನಿಲ್ಲಿಸಿ ಹೊರಟೆ. ಸಾಹೇಬರು ಕಾಗದಕ್ಕೆ ಸಹಿ ಹಾಕುತ್ತ, "ಇಷ್ಟು ಗಮನ ಇಟ್ಟು ಓಡಿಸಿದೋರನ್ನ ಈ ವಾರ ನೋಡಿಲ್ಲ" ಎಂದರು. ಪಾಸು!

ನೆಲದ ಮೇಲೆ ಕಾಲೇ ನಿಲ್ಲದಂತೆ ಮನೆಗೆ ಬಂದು ಇವರನ್ನು ಹತ್ತಿಸಿಕೊಂಡು ಪೇಟೆಗೆ ಹೋದೆ. ಸಮಾಧಾನಪ್ಪನವರು ಕಾದಿದ್ದರು. ಅವರನ್ನು ಮರ್ಯಾದೆಯಿಂದ ಮುಂದೆ ಕೂರಿಸಿದೆ. ಇವರು ಹಿಂದೆ, ಸೈಕಲ್ ಜೊತೆ.

ಹೇಳಬೇಕೆಂದು ಮನಸ್ಸಿನಲ್ಲಿ ಎಷ್ಟೊಂದು ತುಂಬಿಕೊಂಡಿತ್ತು! ಉಪಕಾರ ನೆನೆಯುವಾಗ ಮುಖ ನೋಡಿ ನೆನೆಯಬೇಕಲ್ಲವೇ? ನಾನು ಪೂರ್ತಿ ಅವರ ಕಡೆ ತಿರುಗಿ, "ನಿಮ್ಮಿಂದ ನಮ್ಮ ಹಂಡೆ ಉಳೀತು" ಎಂದೆ.

"ತಾಯೀ, ಕೈಗಾಡಿ" ಎಂದರು ಅವರು.

ಕೈಗಾಡಿ ತಪ್ಪಿತು. ಮತ್ತೆ ತಿರುಗಿದೆ. "ನಮ್ಮನೆಯೋರು ಎರಡು ತಿಂಗಳಾದ ಮೇಲೆ ನಕ್ಕಿದ್ದು ನಿನ್ನೇನೇ."

"ಸಂತೋಷ. ದೀಪದ ಕಂಬ!"

ಕಂಬವೂ ತಪ್ಪಿತು. "ಸಮಾಧಾನಪ್ಪನವರೇ, ನಿಮ್ಮ ಹೆಸರು ಹೇಳಿಯೇ ನಾವು ದಿನಾ ಅನ್ನ ಉಣ್ಣೋದು."

"ರಸ್ತೆ ನೋಡು ಕಣೇ!" ಎಂದು ಹಿಂದಿನಿಂದ ಇವರು ಕೂಗಿದರು. ಕಣ್ಣೇ ಕಾಣದವರಿಗೂ ಕಂಡಿತ್ತು ನಾನು ರಸ್ತೆ ನೋಡುತ್ತಿಲ್ಲವೆಂದು!

ದಾರಿಯುದ್ದಕ್ಕೂ ಹದಿನಾಲ್ಕು ಸಲ ನನ್ನ ಕೃತಜ್ಞತೆ ಸಲ್ಲಿಸಿದೆ. ಹದಿನಾಲ್ಕು ಸಲವೂ ಮುಖ ನೋಡಿಯೇ. ಒಂದು ಸಲ ಎರಡು ಕೈಯನ್ನೂ ಸ್ಟೀರಿಂಗಿನಿಂದ ತೆಗೆದು ಮುಗಿದೆ. ಅವರು ಮುಂದಿನ ಹಿಡಿಯನ್ನು ಹಿಡಿದ ಹಿಡಿತ ನೋಡಿದರೆ ಅದನ್ನು ಬಿಡಿಸಲು ಇನ್ನೊಬ್ಬ ಸಮಾಧಾನಪ್ಪ ಬರಬೇಕಿತ್ತು. 'ಸಮಾಧಾನ, ಸಮಾಧಾನ' ಎಂದು ತುಟಿ ಅಲುಗುತ್ತಿತ್ತು. ಈ ಸಲ ಯಾರಿಗೆ ಹೇಳಿಕೊಳ್ಳುತ್ತಿದ್ದರೋ!

ಶನಿವಾರ ಹತ್ತು ಗಂಟೆಗೆ ನಮ್ಮ ವ್ಯಾನು ಆಸ್ಪತ್ರೆಯ ಗೇಟಿನೊಳಗೆ ಹೋಯಿತು. ಆಮೇಲೆ ಹನ್ನೆರಡು ವರ್ಷ ಹೋಯಿತು. ಅಷ್ಟೂ ವರ್ಷ ಇವರು ನನ್ನ ಪಕ್ಕ ಕೂತು, ಕಾಣದ ಕಣ್ಣಲ್ಲಿ ನನಗೆ ದಾರಿ ಹೇಳಿದರು. ಬೆಳಗಿನ ಎಳೆಬಿಸಿಲು ಮುಖಕ್ಕೆ ಬಿದ್ದರೆ, "ಬಲಕ್ಕೆ ತಿರುಗಿದೆ ಅಲ್ವೇನೇ?" ಎನ್ನುತ್ತಿದ್ದರು. ಹಾಗೆ ಕೂತು ಹೋದ ಹನ್ನೆರಡು ವರ್ಷ ಯಾರ ಕೈಯಿಂದ ಬಂತೆಂದು ನನಗೆ ಗೊತ್ತು. ಈಗ ಇವರೂ ಇಲ್ಲ, ವ್ಯಾನೂ ಇಲ್ಲ. ಸಮಾಧಾನಪ್ಪನವರು ಬೋಲ್ಟ್ ಬಿಚ್ಚಿದ ಮುಂದಿನ ತಿಂಗಳೇ ಮಗಳಿರುವ ಊರಿಗೆ ಹೋದವರು, ಅಲ್ಲೇ ತೀರಿಕೊಂಡರಂತೆ. ಮತ್ತೆ ನೋಡಲು ಸಿಗಲಿಲ್ಲ.

ಆ ಶುಕ್ರವಾರ ಅವರ ಮನೆಯ ಮುಂದೆ ವ್ಯಾನು ನಿಲ್ಲಿಸಿದಾಗ ಅವರು ಇಳಿದು, ಗೇಟು ಹಿಡಿದು ಸ್ವಲ್ಪ ಹೊತ್ತು ನಿಂತರು. ಸೈಕಲ್ ಇಳಿಸಿಕೊಂಡರು. ನಾನು ಕಿಟಕಿಯಿಂದ ಮುಖ ಹೊರಗಿಟ್ಟು ಹದಿನೈದನೇ ಸಲ ಹೇಳಿದೆ: "ನಿಮ್ಮ ಉಪಕಾರ ಊರಿಗೆಲ್ಲ ಸಾರ್ತೀನಿ!"

ಅವರು ಗಾಬರಿಯಾಗಿ ಹತ್ತಿರ ಬಂದರು. ಎರಡೂ ಕೈ ಜೋಡಿಸಿದರು.

"ನಿಮ್ಮ ದಮ್ಮಯ್ಯ ತಾಯೀ, ನನ್ನದೊಂದೇ ಕೋರಿಕೆ, ಇದನ್ನ ನಡೆಸಿಕೊಡಿ. ಯಾರು ಕೇಳಿದರೂ, ಆ ಬೋಲ್ಟ್ ಬಿಚ್ಚಿಸಿದ್ದು ನಾನು ಅಂತ ಮಾತ್ರ ಹೇಳಬೇಡಿ!"